ನೋವಿಲ್ಲದ ಹಲ್ಲಿಗೆ ಯಾಕೆ ಖರ್ಚು?

ರೂಟ್ ಕೆನಾಲ್, ಅಂದರೆ ಹಾಳಾದ ಹಲ್ಲಿನ ಒಳಗಿನ ನರ ತೆಗೆದು ತುಂಬಿಸುವ ಕೆಲಸ, ಮುಗಿದ ದಿನ ಡಾಕ್ಟರ್ ಗ್ಲೌಸ್ ಬಿಚ್ಚುತ್ತಾ ಒಂದು ಮಾತು ಹೇಳುತ್ತಾರೆ. "ಇದಕ್ಕೊಂದು ಕ್ಯಾಪ್ ಹಾಕಿಸ್ಕೋಬೇಕು, ಮರೀಬೇಡಿ." ಕ್ಯಾಪ್ ಅಂದರೆ ಹಲ್ಲಿನ ಮೇಲೆ ಟೊಪ್ಪಿಗೆಯ ಹಾಗೆ ಕೂರುವ ಕವಚ. ಆ ಮಾತು ಬರುವ ಹೊತ್ತೇ ಸರಿಯಿಲ್ಲ ಅನ್ನಿಸುತ್ತದೆ ನನಗೆ. ನಿದ್ದೆ ಕೆಡಿಸಿದ್ದ ನೋವು ಆಗಷ್ಟೇ ಹೋಗಿರುತ್ತದೆ. ಜೇಬೂ ಹಗುರಾಗಿರುತ್ತದೆ. ಅರ್ಧ ಬಾಯಿ ಮರಗಟ್ಟಿಕೊಂಡು, ತುಟಿ ಎಲ್ಲಿದೆ ಅಂತಲೇ ಗೊತ್ತಾಗದೆ, ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಪ್ಪಾ ಅಂತಿರುವಾಗ ಇನ್ನೊಂದು ಕೆಲಸ ಯಾರಿಗೆ ಬೇಕು? "ಆಯ್ತು ಡಾಕ್ಟ್ರೇ, ಬರ್ತೀನಿ" ಅಂತ ತಲೆಯಾಡಿಸಿ ಬಂದವರಲ್ಲಿ ಎಷ್ಟೋ ಜನ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ.

ನಮ್ಮ ಮನೆಗಳಲ್ಲಿ ಹಲ್ಲಿನ ಲೆಕ್ಕವೇ ಬೇರೆ. ಕಣ್ಣಿಗೆ, ಮಂಡಿಗೆ, ಶುಗರ್‌ಗೆ ದುಡ್ಡು ಖರ್ಚು ಮಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಹಲ್ಲಿಗೆ ಮಾಡಿದರೆ, ಅದರಲ್ಲೂ ನೋಯದೇ ಇರುವ ಹಲ್ಲಿಗೆ ಮಾಡಿದರೆ, ಅದು ಶೋಕಿ. ಇನ್ಶೂರೆನ್ಸ್ ಕಂಪನಿಗಳದ್ದೂ ಹೆಚ್ಚುಕಮ್ಮಿ ಇದೇ ಧೋರಣೆ. ಅಪಘಾತದಲ್ಲಿ ಪೆಟ್ಟಾದರೆ ಸರಿ, ಇಲ್ಲದಿದ್ದರೆ ಹಲ್ಲಿನ ಖರ್ಚನ್ನು ಬಹುತೇಕ ಪಾಲಿಸಿಗಳು ಕೊಡುವುದಿಲ್ಲ. ಇತ್ತೀಚೆಗೆ ನನ್ನ ಬಾಯಲ್ಲೂ ಒಂದು ಕ್ಯಾಪ್ ಕೂತಿತು. ಆಗಿನಿಂದ ಈ ವಿಷಯ ತಲೆಯಲ್ಲಿ ಸುತ್ತುತ್ತಿದೆ. ಕ್ಯಾಪ್ ಹಾಕಿಸಿಕೊಳ್ಳುವಾಗ ಏನೇನಾಗುತ್ತದೆ ಅಂತ ಕೇಳಿದವರಿಗೆಲ್ಲ ತುಂಡು ತುಂಡಾಗಿ ಹೇಳಿ ಸಾಕಾಗಿ, ಇಲ್ಲೇ ಬರೆದುಬಿಡೋಣ ಅನ್ನಿಸಿತು.

ದೊಡ್ಡಪ್ಪನ ಕೋಡುಬಳೆ

ನಮ್ಮ ದೊಡ್ಡಪ್ಪನಿಗೆ ಕೆಳಗಿನ ದವಡೆ ಹಲ್ಲಿನ ನೋವು ಬಂದಾಗ ಹಾಸನದ ಕಡೆಯ ಊರಿಂದ ಮೈಸೂರಿನ ನಮ್ಮ ಮನೆಗೆ ಬಂದಿದ್ದರು. ಅಷ್ಟರಲ್ಲಿ ಲವಂಗ ಇಟ್ಟಾಗಿತ್ತು, ಉಪ್ಪುನೀರು ಮುಕ್ಕಳಿಸಿಯಾಗಿತ್ತು, ಮೆಡಿಕಲ್ ಸ್ಟೋರ್ ಮಾತ್ರೆಯೂ ಆಗಿತ್ತು. ಇಲ್ಲಿ ರೂಟ್ ಕೆನಾಲ್ ಮಾಡಿಸಿದೆವು. ನೋವು ಹೋಯಿತು. ಇನ್ನೊಂದಷ್ಟು ದಿನ ಇದ್ದು ಕ್ಯಾಪ್ ಹಾಕಿಸಿಕೊಂಡೇ ಹೋಗಿ ಅಂದೆ. ಊರಲ್ಲಿ ಶುಂಠಿ ಕೀಳುವ ಕಾಲ. ಆಳುಗಳು ಸಿಗುವುದೇ ಕಷ್ಟ. "ನೋವೇ ಇಲ್ವಲ್ಲವ್ವ. ನೋವಿಲ್ದಿರೋ ಹಲ್ಗೆ ಆರು ಸಾವ್ರನಾ? ಸುಮ್ನಿರು" ಅಂದು ಬಸ್ಸು ಹತ್ತಿದರು.

ಆಮೇಲೆ ಗೌರಿ ಹಬ್ಬಕ್ಕೆ ನಾವೆಲ್ಲ ಊರಿಗೆ ಹೋಗಿದ್ದೆವು. ಜಗಲಿ ಮೇಲೆ ಕೂತು ದೊಡ್ಡಪ್ಪ ಕೋಡುಬಳೆ ತಿನ್ನುತ್ತಿದ್ದರು. ಕಟಕ್ ಅಂತ ಶಬ್ದ ಬಂತು. ನನಗೂ ಕೇಳಿಸಿತು. ದೊಡ್ಡಪ್ಪ ಅಗಿಯುವುದು ನಿಲ್ಲಿಸಿ ಒಳಗಿದ್ದ ದೊಡ್ಡಮ್ಮನಿಗೆ ಕೂಗಿದರು, "ಹಿಟ್ಟು ಜರಡಿ ಹಿಡೀಲಿಲ್ವೇನೇ? ಕಲ್ಲು ಬಂತು!" ದೊಡ್ಡಮ್ಮ ಒಲೆ ಮುಂದಿನಿಂದಲೇ ಜಗಳಕ್ಕೆ ನಿಂತರು. ಇಷ್ಟು ವರ್ಷದಲ್ಲಿ ಯಾವತ್ತಾದರೂ ಕಲ್ಲು ಬಂದಿತ್ತಾ, ಹಬ್ಬದ ದಿನ ಬೇಕಂತಲೇ ಮಾತು ತೆಗೆಯುತ್ತೀರಾ ಅಂತ. ದೊಡ್ಡಪ್ಪ ಅಂಗೈಗೆ ಉಗಿದು ನೋಡಿದರೆ ಅದು ಕಲ್ಲಲ್ಲ, ಹಲ್ಲಿನ ಒಂದು ಗೋಡೆ. ಆಶ್ಚರ್ಯ ಏನೆಂದರೆ ಅವರಿಗೆ ಚೂರೂ ನೋವಾಗಿರಲಿಲ್ಲ. ನೋವು ಹೇಳುವ ನರವನ್ನೇ ತೆಗೆದಾಗಿತ್ತಲ್ಲ. ದೊಡ್ಡಮ್ಮನ ಹತ್ತಿರ ಅವರು ಕ್ಷಮೆ ಕೇಳಲಿಲ್ಲ ಅನ್ನುವುದು ಬೇರೆ ಮಾತು.

ಡಾಕ್ಟರ್ ಎಕ್ಸ್‌ರೇ ತೆಗೆದು ನೋಡಿದರು. ಸೀಳು ಮೇಲಿನಿಂದ ಬೇರಿನವರೆಗೂ ಇಳಿದಿತ್ತು. ಕೀಳದೆ ಬೇರೆ ದಾರಿ ಇರಲಿಲ್ಲ. ಹಲ್ಲಿನ ತಲೆಯಷ್ಟೇ ಮುರಿದಿದ್ದರೆ ಉಳಿಸಬಹುದಿತ್ತಂತೆ. ಕ್ಯಾಪ್ ಹಿಡಿದು ನಿಲ್ಲಬೇಕಾದರೆ ವಸಡಿನ ಮೇಲೆ ಸುತ್ತಲೂ ಒಂದೂವರೆ, ಎರಡು ಮಿಲಿಮೀಟರ್‌ನಷ್ಟಾದರೂ ಗಟ್ಟಿ ಹಲ್ಲು ಉಳಿದಿರಬೇಕು. ಅಷ್ಟು ಸಿಕ್ಕರೆ ಒಳಗೆ ಕಡ್ಡಿ ಕೂರಿಸಿಯೋ, ಸಿಮೆಂಟ್ ತುಂಬಿಯೋ ಕಟ್ಟಿ ನಿಲ್ಲಿಸುತ್ತಾರೆ. ಹಲ್ಲಿನ ಬೇರೇ ಸೀಳಿದರೆ ಮುಗಿಯಿತು. ಆ ಜಾಗಕ್ಕೆ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೆ ತಿರುಪು ಕೂರಿಸಿ ನಿಲ್ಲಿಸುವ ಹಲ್ಲು, ಹಾಕಿಸಬೇಕೆಂದರೆ ಕ್ಯಾಪ್‌ನ ಹಲವು ಪಟ್ಟು ದುಡ್ಡು. ದೊಡ್ಡಪ್ಪ ಈಗ ಎಡಗಡೆ ಅಗಿಯುತ್ತಾರೆ.

ನರ ತೆಗೆದ ಹಲ್ಲು ಒಣಗಿ ಪೆಡಸಾಗುತ್ತದೆ, ಅದಕ್ಕೇ ಮುರಿಯುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಅದು ಅಷ್ಟು ಸರಿಯಲ್ಲ. ಮುಖ್ಯ ಕಾರಣ ಒಳಗೆ ಹಲ್ಲೇ ಕಡಿಮೆಯಾಗಿರುವುದು. ಮೊದಲು ಹುಳುಕು ತಿಂದಿರುತ್ತದೆ, ಆಮೇಲೆ ಡಾಕ್ಟರ್ ಬೇರಿನ ತನಕ ದಾರಿ ಮಾಡಿಕೊಳ್ಳಲು ನಡುವೆ ಕೊರೆದಿರುತ್ತಾರೆ. ಉಳಿಯುವುದು ಸುತ್ತಲಿನ ಗೋಡೆಗಳು ಮಾತ್ರ. ದವಡೆ ಹಲ್ಲಿನ ಮೇಲೆ ಗಟ್ಟಿಯಾಗಿ ಕಚ್ಚಿದಾಗ ಬೀಳುವ ಭಾರ ಐವತ್ತು ಕಿಲೋ ದಾಟಬಹುದು. ಆ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಕ್ಯಾಪ್ ಸುತ್ತಲಿಂದ ಬಿಗಿಯಾಗಿ ಹಿಡಿದು ಅದನ್ನು ತಡೆಯುತ್ತದೆ. ಹಾಗಂತ ರೂಟ್ ಕೆನಾಲ್ ಆದ ಹಲ್ಲಿಗೆಲ್ಲ ಕ್ಯಾಪ್ ಬೇಕೇ ಬೇಕು ಅಂತಿಲ್ಲ. ಮುಂದಿನ ಹಲ್ಲು ಹೆಚ್ಚು ಹಾಳಾಗಿಲ್ಲದಿದ್ದರೆ ಒಳ್ಳೆಯ ಫಿಲ್ಲಿಂಗ್ ಸಾಕಾಗಬಹುದು. ದವಡೆಯಲ್ಲೂ ಗೋಡೆಗಳು ದಪ್ಪ ಉಳಿದಿದ್ದರೆ ಮೇಲ್ಭಾಗ ಮಾತ್ರ ಮುಚ್ಚುವ ಆನ್‌ಲೇ ಅಂತ ಒಂದಿದೆ. ಕೇಳಿ ನೋಡಬಹುದು, ತಪ್ಪೇನಿಲ್ಲ. ಆದರೆ ಅಗಿಯುವ ಹಲ್ಲನ್ನು ಹಾಗೇ ಬಿಡುವುದಂತೂ ದುಡ್ಡು ಉಳಿಸುವ ದಾರಿಯಲ್ಲ.

ಕುರ್ಚಿಯಲ್ಲಿ

ನನ್ನದು ಕೆಳದವಡೆಯ ಬಲಗಡೆಯ ಹಲ್ಲು. ಆರನೇ ವಯಸ್ಸಿನ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಬರುತ್ತದಲ್ಲ, ಅದು. ಅದು ಬರುವಾಗ ಯಾವ ಹಲ್ಲೂ ಬಿದ್ದು ಜಾಗ ಬಿಡುವುದಿಲ್ಲ. ಹಾಗಾಗಿ ಅಪ್ಪ ಅಮ್ಮಂದಿರು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಹುಳುಕಾದರೂ "ಹೇಗೂ ಬಿದ್ದೋಗುತ್ತೆ ಬಿಡು" ಅನ್ನುತ್ತಾರೆ. ಅದು ಬೀಳುವುದಿಲ್ಲ, ಇರುವಷ್ಟು ಕಾಲವೂ ಅದೇ. ಮನೆಯಲ್ಲಿ ಆರು, ಏಳು ವರ್ಷದ ಮಕ್ಕಳಿದ್ದರೆ ಒಮ್ಮೆ ಟಾರ್ಚ್ ಹಿಡಿದು ಹಿಂದಿನ ಹಲ್ಲು ನೋಡಿ. ನಂಜನಗೂಡು ಹಲ್ಲುಪುಡಿಯಲ್ಲಿ ತಿಕ್ಕಿ ಬೆಳೆದ ನನ್ನ ಆ ಹಲ್ಲಿಗೆ ಹೈಸ್ಕೂಲಿನಲ್ಲಿದ್ದಾಗ ಬೆಳ್ಳಿ ಬಣ್ಣದ ಸಿಮೆಂಟ್ ತುಂಬಿಸಿದ್ದರು. ಬಹಳ ವರ್ಷ ಬಾಳಿತು. ಆಮೇಲೆ ಪಕ್ಕದ ಗೋಡೆ ಬಿರುಕು ಬಿಟ್ಟು ರೂಟ್ ಕೆನಾಲ್‌ಗೆ ಬಂತು.

ಕ್ಯಾಪ್‌ಗೆ ಹಲ್ಲು ಸಿದ್ಧ ಮಾಡುವ ದಿನ ಮತ್ತೆ ಇಂಜೆಕ್ಷನ್ ಚುಚ್ಚುತ್ತಾರೆ. ನರವೇ ಇಲ್ಲದ ಹಲ್ಲಿಗೆ ಇದ್ಯಾಕೆ ಅಂತ ಕೇಳಿದೆ. ಹಲ್ಲಿಗಲ್ಲ, ವಸಡಿಗೆ ಅಂದರು ಡಾಕ್ಟರ್. ಕೆಲಸ ವಸಡಿನ ಅಂಚಿನವರೆಗೆ ಹೋಗುತ್ತದೆ, ಅಲ್ಲಿ ಉರಿಯುತ್ತದೆ. ಆಮೇಲೆ ಏರೋಟರ್ ಶುರು. ಎಲ್ಲರೂ ಹೆದರುವ ಆ ಕುಂಯ್ ಶಬ್ದದ ಯಂತ್ರ ಅದು. ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ತುದಿಯಲ್ಲಿ ವಜ್ರದ ಪುಡಿ ಅಂಟಿಸಿದ ಪುಟ್ಟ ಕಡ್ಡಿ. ಬಿಸಿಯಾಗದಿರಲಿ ಅಂತ ನೀರು ಚಿಮ್ಮುತ್ತಲೇ ಇರುತ್ತದೆ, ಇನ್ನೊಂದು ಕೊಳವೆ ಆ ನೀರನ್ನು ಎಳೆದುಕೊಳ್ಳುತ್ತಿರುತ್ತದೆ. ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ತೇಯುತ್ತಾರೆ. ಕೇಳುವುದಕ್ಕೆ ಸ್ವಲ್ಪ. ಆದರೆ ಹಲ್ಲೇ ಎಷ್ಟು ದೊಡ್ಡದು ಹೇಳಿ? ಕೊನೆಗೆ ಕನ್ನಡಿ ಕೇಳಿ ನೋಡಿದೆ. ನನ್ನ ದವಡೆ ಹಲ್ಲಿನ ಜಾಗದಲ್ಲಿ ಒಂದು ಮೊಟುಕು ನಿಂತಿತ್ತು. ಹೊಟ್ಟೆಯೊಳಗೆ ಏನೋ ಜಗ್ಗಿದ ಹಾಗಾಯಿತು.

ಹಲ್ಲು ಉಳಿಸುವುದಕ್ಕೆ ಅಂತ ಹೋಗಿ ಒಳ್ಳೆಯ ಹಲ್ಲನ್ನೂ ತೇಯಿಸಿಕೊಂಡು ಬರುವುದು ಯಾವ ನ್ಯಾಯ ಅಂತ ಆವತ್ತು ಯೋಚಿಸಿದ್ದುಂಟು. ತೇದದ್ದು ಮತ್ತೆ ಬೆಳೆಯುವುದಿಲ್ಲ. ಒಮ್ಮೆ ಕ್ಯಾಪ್ ಬಿದ್ದ ಹಲ್ಲಿಗೆ ಮುಂದೆಯೂ ಕ್ಯಾಪೇ ಗತಿ. ಅದಕ್ಕೇ ನನ್ನದೊಂದು ಅಭಿಪ್ರಾಯವಿದೆ. ಬರೀ ಬೆಳ್ಳಗೆ ಕಾಣಲಿ ಅಂತ ನೆಟ್ಟಗಿರುವ ಹಲ್ಲುಗಳಿಗೆಲ್ಲ ಸಾಲಾಗಿ ಕ್ಯಾಪ್ ಹಾಕಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನರ ಜೀವಂತವಿರುವ ಹಲ್ಲನ್ನು ತೇದರೆ ಕೆಲವು ದಿನ ತಣ್ಣೀರು ಝುಂ ಅನ್ನುತ್ತದೆ. ಕೆಲವರಿಗೆ ಮುಂದೆ ಅದೇ ಹಲ್ಲಿಗೆ ರೂಟ್ ಕೆನಾಲ್ ಕೂಡ ಬೇಕಾಗುತ್ತದೆ. ಮುರಿಯುವ ಹಲ್ಲಿಗೆ ಕ್ಯಾಪ್ ಹಾಕುವ ವಿಷಯ ಬೇರೆ. ಅಲ್ಲಿ ಕಳೆದುಕೊಳ್ಳುವುದು ಇದ್ದೇ ಇದೆ, ಎಷ್ಟು ಉಳಿಯುತ್ತದೆ ಅನ್ನುವುದಷ್ಟೇ ಲೆಕ್ಕ.

ತೇದಾದ ಮೇಲೆ ಅಳತೆ. ವಸಡಿನ ಅಂಚಿಗೆ ತೆಳು ದಾರ ತೂರಿಸಿ, ವಸಡನ್ನು ಚೂರು ಪಕ್ಕಕ್ಕೆ ಸರಿಸುತ್ತಾರೆ. ಹಲ್ಲು ಎಲ್ಲಿ ಮುಗಿಯುತ್ತದೆ ಅನ್ನುವುದು ಅಚ್ಚಿನಲ್ಲಿ ಸರಿಯಾಗಿ ಮೂಡಬೇಕಲ್ಲ. ಆಮೇಲೆ ಹಿಟ್ಟಿನಂಥ ಸಿಲಿಕೋನ್ ತುಂಬಿದ ತಟ್ಟೆಯನ್ನು ಬಾಯೊಳಗೆ ಒತ್ತಿ ಹಿಡಿಯುತ್ತಾರೆ. ಓಕರಿಕೆ ಬರುವವರಿಗೆ ಇದೇ ಕಷ್ಟದ ಹೊತ್ತು. ಗದ್ದ ಸ್ವಲ್ಪ ಕೆಳಗೆ ಮಾಡಿ, ಮೂಗಲ್ಲಿ ಉಸಿರಾಡುತ್ತಾ, ಕಾಲ್ಬೆರಳು ಆಡಿಸುತ್ತಿರಿ ಅಂದರು ಡಾಕ್ಟರ್. ಕಾಲ್ಬೆರಳಿಗೂ ಹಲ್ಲಿಗೂ ಏನು ಸಂಬಂಧವೋ, ಗಮನ ಆ ಕಡೆ ಹೋಗಿ ನನಗಂತೂ ಕೆಲಸ ಮಾಡಿತು. ಈಗ ಕೆಲವು ಕಡೆ ತಟ್ಟೆಯೇ ಇಲ್ಲ, ಪುಟ್ಟ ಕ್ಯಾಮೆರಾ ಬಾಯಲ್ಲಿ ಆಡಿಸಿ ಸ್ಕ್ಯಾನ್ ಮಾಡುತ್ತಾರೆ.

ಬಣ್ಣ ನೋಡುವುದು ಕುರ್ಚಿಯ ದೀಪದಲ್ಲಲ್ಲ, ಕಿಟಕಿಯ ಬೆಳಕಿನಲ್ಲಿ. ಡಾಕ್ಟರ್ ಕೈಯಲ್ಲಿ ಹಲ್ಲಿನ ಆಕಾರದ 16 ಚೂರುಗಳ ಒಂದು ಸಾಲು. ಎ, ಬಿ, ಸಿ, ಡಿ ಅಂತ ನಾಲ್ಕು ಗುಂಪು. ಒಂದೊಂದನ್ನೇ ಪಕ್ಕದ ಹಲ್ಲಿಗೆ ಹಿಡಿದು ಬೇಗ ಬೇಗ ನೋಡಿ ನಿರ್ಧರಿಸುತ್ತಾರೆ. ಜಾಸ್ತಿ ಹೊತ್ತು ದಿಟ್ಟಿಸಿದರೆ ಕಣ್ಣು ಸೋತು ಎಲ್ಲವೂ ಒಂದೇ ಥರ ಕಾಣುತ್ತದಂತೆ. ನನ್ನದು ಎ3. "ಇನ್ನೂ ಸ್ವಲ್ಪ ಬೆಳ್ಳಗಿರೋದು ಹಾಕಬಹುದಲ್ವಾ?" ಅಂದೆ. "ಹಾಕಬಹುದು ಮೇಡಂ. ಆಮೇಲೆ ಅದೊಂದೇ ಎದ್ದು ಕಾಣುತ್ತೆ, ನೋಡಿ" ಅಂದರು. ಎ3ನೇ ಇರಲಿ ಅಂದೆ.

ಹಲ್ಲು ಮಾಡುವವರು

ಕ್ಯಾಪ್ ಅಂದರೆ ಸೈಜ್ ನೋಡಿ ಡಬ್ಬಿಯಿಂದ ತೆಗೆದು ಅಂಟಿಸುವ ವಸ್ತು ಅಂತ ನಮ್ಮ ಮನೆಯಲ್ಲಿ ತುಂಬ ಜನ ನಂಬಿದ್ದಾರೆ. ಹಾಗಿದ್ದರೆ ಅಷ್ಟು ದುಡ್ಡು ಯಾಕೆ ಅನ್ನುವ ಸಿಟ್ಟು ಸಹಜವೇ. ಚಿಕ್ಕ ಮಕ್ಕಳ ಹಾಲುಹಲ್ಲಿಗೆ ಹಾಕುವ ಸ್ಟೀಲ್ ಕ್ಯಾಪ್ ನಿಜಕ್ಕೂ ಹಾಗೇ ರೆಡಿಮೇಡ್ ಬರುತ್ತದೆ. ದೊಡ್ಡವರದ್ದು ಹಾಗಲ್ಲ. ಕ್ಲಿನಿಕ್‌ನ ಹುಡುಗ ನನ್ನ ಅಚ್ಚನ್ನು ಲ್ಯಾಬ್‌ಗೆ ಕೊಡಲು ಹೊರಟಿದ್ದ. ಲ್ಯಾಬ್ ಅದೇ ಕಟ್ಟಡದ ಹಿಂಭಾಗದಲ್ಲಿದೆ ಅಂತ ಗೊತ್ತಾಗಿ, ನಾನೂ ನೋಡಬಹುದಾ ಅಂತ ಕೇಳಿದೆ. ಡಾಕ್ಟರ್ ನಕ್ಕು, ಹೋಗಿ ಬನ್ನಿ ಅಂದರು.

ಒಂದು ಉದ್ದನೆಯ ರೂಮು. ಗಾಳಿಯಲ್ಲಿ ಗಾರೆಯ ಪುಡಿ, ಮೇಣ ಕಾದ ವಾಸನೆ. ಗೋಡೆಯ ಶೆಲ್ಫ್ ತುಂಬ, ಅಚ್ಚಿಗೆ ಗಾರೆ ಸುರಿದು ಮಾಡಿದ ಊರವರ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ನಂಬರು. ಒಬ್ಬರು ಭೂತಗನ್ನಡಿಯ ಕೆಳಗೆ ಸಣ್ಣ ಬ್ರಷ್ ಹಿಡಿದು ಪಿಂಗಾಣಿ ಪುಡಿಯನ್ನು ಲೋಹದ ಟೊಪ್ಪಿಗೆಯ ಮೇಲೆ ಪದರ ಪದರವಾಗಿ ಹಚ್ಚುತ್ತಿದ್ದರು. ಪುಡಿ ಒಂದು ಗುಲಾಬಿ, ಒಂದು ನೀಲಿ. ಗಾಬರಿಯಾಯಿತು. ಪದರ ಯಾವುದು ಅಂತ ತಿಳಿಯಲಿ ಅಂತ ಹಾಕಿದ ಬಣ್ಣ ಅದು, ಕುಲುಮೆಯಲ್ಲಿ ಸುಟ್ಟುಹೋಗುತ್ತದೆ ಅಂದರು. ಒಳಗಿನ ಲೋಹದ ಭಾಗವನ್ನು ಮೇಣದಲ್ಲಿ ಮಾಡಿ, ಸುತ್ತ ಅಚ್ಚಿನ ಗಾರೆ ಹಾಕಿ, ಮೇಣ ಕರಗಿಸಿ, ಆ ಜಾಗಕ್ಕೆ ಕರಗಿದ ಲೋಹ ಸುರಿಯುತ್ತಾರೆ. ನಮ್ಮ ಪಂಚಲೋಹದ ವಿಗ್ರಹ ಮಾಡುವವರ ವಿಧಾನವೇ. ಹಲ್ಲಿನ ಕೆಲಸಕ್ಕೆ ಅದನ್ನು ಅಚ್ಚುಕಟ್ಟಾಗಿ ಒಗ್ಗಿಸಿದ್ದು ಅಮೆರಿಕದ ವಿಲಿಯಂ ಟ್ಯಾಗಾರ್ಟ್ ಅನ್ನುವ ದಂತವೈದ್ಯ, 1907ರಲ್ಲಿ. ಅದಕ್ಕೂ ಮೊದಲು ಪಿಂಗಾಣಿಯದ್ದೇ ಕ್ಯಾಪ್ ಮಾಡಿದವರು ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್. ಅವರ ಮೊಮ್ಮಗನೇ 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿ ವಿಮಾನ ಹಾರಿಸಿದ ಚಾರ್ಲ್ಸ್ ಲಿಂಡ್‌ಬರ್ಗ್. (ಇದು ಯಾವ ಉಪಯೋಗಕ್ಕೂ ಬಾರದ ವಿಷಯ. ಆದರೂ ನನಗೆ ಇಷ್ಟ.)

ನನ್ನದು ಜಿರ್ಕೋನಿಯಾ, ಅಂದರೆ ಒಳಗೆ ಲೋಹವಿಲ್ಲದ, ಪಿಂಗಾಣಿಯಂಥ ಗಟ್ಟಿ ಬಿಳಿ ವಸ್ತುವಿನದ್ದು. ಅದನ್ನು ಬ್ರಷ್ ಹಿಡಿದು ಮಾಡುವುದಿಲ್ಲ. ಗಾರೆಯ ಮಾದರಿಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಹಲ್ಲು ಬಿಡಿಸಿ, ಬಿಳಿಯ ದುಂಡು ಬಿಲ್ಲೆಯಿಂದ ಯಂತ್ರ ಕೊರೆಯುತ್ತದೆ. ಆ ಹಂತದಲ್ಲಿ ಜಿರ್ಕೋನಿಯಾ ಮೆದು, ಪುಡಿ ಉದುರುತ್ತದೆ. ಕೊರೆದಾದ ಮೇಲೆ 1500 ಡಿಗ್ರಿಯ ಆಸುಪಾಸಿನ ಕುಲುಮೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬೆಂದ ಮೇಲೆ ಕಲ್ಲಾಗುತ್ತದೆ, ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ ಕೂಡ. ಕೋರಾ ಬಟ್ಟೆ ನೀರಿಗೆ ಹಾಕಿದರೆ ಚಿಕ್ಕದಾಗುತ್ತದೆ ಅಂತ ದರ್ಜಿ ಮುಂಚೆಯೇ ಸಡಿಲ ಹೊಲಿಯುವ ಹಾಗೆ, ಯಂತ್ರ ಹಲ್ಲನ್ನು ಬೇಕಂತಲೇ ದೊಡ್ಡದಾಗಿ ಕೊರೆದಿರುತ್ತದೆ.

ಕಂಪ್ಯೂಟರ್ ಮುಂದೆ ಕೂತವರು ಐವತ್ತರ ಆಸುಪಾಸಿನವರು. ಹುಡುಗ ಕೊಟ್ಟ ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದ್ಯಾ?" ಅಂದರು. ನನಗೆ ಗೊತ್ತಿಲ್ಲ ಅಂದೆ. "ಇದೆ. ಮೇಲಿನ ಹಲ್ಲೆಲ್ಲ ಚಪ್ಪಟೆ ಆಗಿದೆ ನೋಡಿ. ಬಲಗಡೆ ಜಾಸ್ತಿ." ನಿಮಗೆ ಹೇಗೆ ಇಷ್ಟೆಲ್ಲ ತಿಳಿಯುತ್ತೆ ಅಂದದ್ದಕ್ಕೆ ಅವರು ನಕ್ಕರು. "ನಮಗೆ ಪೇಷಂಟ್ ಮುಖ ಕಾಣೋದೇ ಅಪರೂಪ ಮೇಡಂ. ಹಲ್ಲು ಮಾತ್ರ ಗೊತ್ತಾಗೋದು." ಕ್ಯಾಪ್ ಮುಗಿಯುವ ಅಂಚನ್ನು ಗಾರೆಯ ಮಾದರಿಯ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ ಎಳೆಯುವುದು ಎಷ್ಟು ಮುಖ್ಯ, ಅದು ಕೂದಲೆಳೆಯಷ್ಟು ತಪ್ಪಿದರೂ ಅಲ್ಲಿ ಕೊಳೆ ಕೂತು ಮತ್ತೆ ಹುಳುಕಾಗುತ್ತದೆ ಅಂತ ಬಹಳ ಹೊತ್ತು ವಿವರಿಸಿದರು. ಮನೆಗೆ ಬಂದು ಯಜಮಾನರನ್ನು ಕೇಳಿದೆ. ಹೌದು, ರಾತ್ರಿ ಕಟಕಟ ಅಂತಿರ್ತೀಯ, ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ಮನಿದ್ದೆ ಅಂದರು!

ನಡುವಿನ ದಿನಗಳು, ಕೂರಿಸುವ ದಿನ

ಲ್ಯಾಬ್‌ನಿಂದ ಬರುವ ತನಕ ಒಂದು ತಾತ್ಕಾಲಿಕ ಕ್ಯಾಪ್ ಇರುತ್ತದೆ. ಪ್ಲಾಸ್ಟಿಕ್ ಥರದ್ದು. ಬೇಕೆಂದಾಗ ತೆಗೆಯಲು ಬರಲಿ ಅಂತ ಸಡಿಲ ಸಿಮೆಂಟ್‌ನಲ್ಲಿ ಅಂಟಿಸಿರುತ್ತಾರೆ. ಲವಂಗದ ವಾಸನೆ ಬಂದರೆ ಆ ಸಿಮೆಂಟಿನದ್ದೇ. ಚಕ್ಕುಲಿ, ಕಡಲೆಮಿಠಾಯಿ, ಕಟಕ್ ರೊಟ್ಟಿ, ಚ್ಯೂಯಿಂಗ್ ಗಮ್ ಎಲ್ಲಕ್ಕೂ ರಜೆ. ಆ ದಿನಗಳಲ್ಲಿ ಮುದ್ದೆಯಂಥ ಊಟ ಇನ್ನೊಂದಿಲ್ಲ, ಅಗಿಯುವ ಗೋಜೇ ಇಲ್ಲ, ನುಂಗಿದರಾಯಿತು. ನಮ್ಮ ಸಾರಿನ ಅರಿಶಿನಕ್ಕೆ ಆ ಪ್ಲಾಸ್ಟಿಕ್ ಬೇಗ ಹಳದಿಯಾಗುತ್ತದೆ. ಹೆದರಬೇಡಿ, ಹೇಗೂ ಎಸೆಯುವುದೇ. ಉದುರಿಬಿದ್ದರೆ ಮಾತ್ರ ಹಾಗೇ ಬಿಡದೆ ಅದನ್ನೇ ಎತ್ತಿಕೊಂಡು ಹೋಗಿ ಹಾಕಿಸಿಕೊಳ್ಳಬೇಕು. ಬಿಟ್ಟರೆ ಅಕ್ಕಪಕ್ಕದ ಹಲ್ಲು ಸರಿದು, ಹೊಸ ಕ್ಯಾಪ್ ಜಾಗಕ್ಕೆ ಇಳಿಯುವುದೇ ಇಲ್ಲ.

ಕೂರಿಸುವುದು ಬೇಗ ಮುಗಿಯುತ್ತದೆ. ಹತ್ತಿ ಇಟ್ಟು ಜಾಗ ಒಣಗಿಸಿ, ಕ್ಯಾಪ್‌ನೊಳಗೆ ಸಿಮೆಂಟ್ ತುಂಬಿ ಒತ್ತುತ್ತಾರೆ. ಅದಕ್ಕೂ ಮೊದಲು ಬಣ್ಣದ ಕಾಗದ ಕಚ್ಚಿಸಿ ಎಲ್ಲಿ ಎತ್ತರ ಅಂತ ನೋಡುತ್ತಾರೆ. ಇಲ್ಲಿ ಮಾತ್ರ ಸಂಕೋಚ ಬೇಡ. ಡಾಕ್ಟರ್‌ಗೆ ಹೊತ್ತಾಗುತ್ತೆ, ಹೊರಗೆ ಜನ ಕಾಯ್ತಿದ್ದಾರೆ ಅಂತ "ಸರಿ ಇದೆ, ಸರಿ ಇದೆ" ಅಂದುಬಿಡಬೇಡಿ. ಕೂದಲೆಳೆಯಷ್ಟು ಎತ್ತರವಿದ್ದರೂ ಕಚ್ಚಿದಾಗಲೆಲ್ಲ ಭಾರ ಅದೊಂದೇ ಹಲ್ಲಿಗೆ ಬೀಳುತ್ತದೆ. ನಾಲ್ಕು ದಿನದಲ್ಲಿ ಹಲ್ಲು, ದವಡೆ, ಕಿವಿಯ ಹತ್ತಿರವೆಲ್ಲ ನೋಯಲು ಶುರು. ಬಾಯಿ ಮರಗಟ್ಟಿದ್ದರೆ ಎತ್ತರ ಸರಿಯಾಗಿ ಗೊತ್ತಾಗುವುದೂ ಇಲ್ಲ. ಮನೆಗೆ ಬಂದ ಮೇಲೆ ಅಡ್ಡ ಬಂದ ಹಾಗೆ ಅನ್ನಿಸಿದರೆ ವಾಪಸ್ ಹೋಗಿ ತೇಯಿಸಿಕೊಂಡು ಬನ್ನಿ. ಹೊಂದಿಕೊಳ್ಳುತ್ತೆ ಅಂತ ಕಾಯುವ ವಿಷಯ ಅಲ್ಲ ಅದು.

ದುಡ್ಡಿನ ಮಾತು. ನಾನು ಮೈಸೂರಿನಲ್ಲಿ ವಿಚಾರಿಸಿದಾಗ ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಕ್ಯಾಪ್‌ಗೆ ನಾಲ್ಕರಿಂದ ಏಳು ಸಾವಿರ ಹೇಳಿದರು. ಜಿರ್ಕೋನಿಯಾಗೆ ಎಂಟು ಸಾವಿರದಿಂದ ಮೇಲೆ. ಬರೀ ಲೋಹದ್ದು ಇವೆಲ್ಲಕ್ಕಿಂತ ಅಗ್ಗ. ಹಲ್ಲನ್ನೂ ಕಡಿಮೆ ತೇದರೆ ಸಾಕು, ಸುಲಭಕ್ಕೆ ಒಡೆಯುವುದೂ ಇಲ್ಲ. ಬಾಯಿ ತೆರೆದರೂ ಕಾಣದ ಹಿಂದಿನ ಹಲ್ಲಿಗೆ ಅದನ್ನು ಯಾಕೆ ಯಾರೂ ಸಲಹೆ ಮಾಡುವುದಿಲ್ಲವೋ! ಪಿಂಗಾಣಿ ಮೇಲಿರುವುದು ಕೆಲವು ಸಲ ಚಕ್ಕೆ ಏಳುತ್ತದೆ. ವರ್ಷಗಳಾದ ಮೇಲೆ ವಸಡು ಇಳಿದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಖರ್ಚು ಜಾಸ್ತಿ ಅನ್ನಿಸಿದರೆ ಡೆಂಟಲ್ ಕಾಲೇಜಿನ ಆಸ್ಪತ್ರೆ ಒಳ್ಳೆಯ ದಾರಿ. ಮೈಸೂರು, ದಾವಣಗೆರೆ, ಧಾರವಾಡ, ಮಣಿಪಾಲ, ಬೆಂಗಳೂರು, ಎಲ್ಲ ಕಡೆ ಇವೆ. ಕೆಲಸ ಮಾಡುವವರು ವಿದ್ಯಾರ್ಥಿಗಳು, ಪ್ರತಿ ಹಂತವನ್ನೂ ಮೇಷ್ಟ್ರು ಬಂದು ನೋಡುತ್ತಾರೆ. ಹೊತ್ತು ಹಿಡಿಯುತ್ತದೆ, ಅಷ್ಟೇ. ರಜೆ ಹಾಕಿ ಓಡಾಡಬೇಕಾದ ಕೂಲಿಯವರಿಗೆ ಆ "ಅಷ್ಟೇ" ಸಣ್ಣದಲ್ಲ ಅನ್ನುವುದೂ ನಿಜ.

ಚೆನ್ನಾಗಿ ನೋಡಿಕೊಂಡರೆ ಕ್ಯಾಪ್ ಹತ್ತು, ಹದಿನೈದು ವರ್ಷ ಬಾಳುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಕ್ಯಾಪ್‌ಗೆ ಹುಳುಕು ಹಿಡಿಯುವುದಿಲ್ಲ. ಆದರೆ ಅದು ಮುಗಿಯುವ ಅಂಚಿನಲ್ಲಿ ನಮ್ಮದೇ ಹಲ್ಲು ಶುರುವಾಗುತ್ತದಲ್ಲ, ಅಲ್ಲಿ ಹಿಡಿಯುತ್ತದೆ. ಆಗಲೂ ನೋವು ಬರುವುದಿಲ್ಲ, ನರ ಇಲ್ಲ. ಹಾಗಾಗಿ ಆಗಾಗ ಹೋಗಿ ತೋರಿಸಿ ಬರಬೇಕು, ಬೇಕಾದರೆ ಎಕ್ಸ್‌ರೇ ತೆಗೆಸಬೇಕು. ದಿನಾ ರಾತ್ರಿ ಹಲ್ಲಿನ ಸಂದಿಗೆ ಫ್ಲಾಸ್ ಆಡಿಸಿ ಅಂದಿದ್ದಾರೆ. ನಮ್ಮ ಬೀದಿಯ ಮೆಡಿಕಲ್ ಸ್ಟೋರ್‌ನಲ್ಲಿ ಫ್ಲಾಸ್ ಕೇಳಿದೆ. ಮೌತ್‌ವಾಶ್ ತಂದಿಟ್ಟರು. ಅಲ್ಲ, ದಾರ, ಹಲ್ಲಿಗೆ ಹಾಕೋ ದಾರ ಅಂದೆ. ಅಂಗಡಿಯವರು ಒಳಗೆ ಹೋಗಿ ತುಂಬ ಹೊತ್ತು ಹುಡುಕಿ, ಧೂಳು ಒರೆಸುತ್ತಾ ಒಂದು ಡಬ್ಬಿ ತಂದರು. "ಇದನ್ನ ಯಾರೂ ಕೇಳಲ್ಲ ಮೇಡಂ" ಅಂದರು. ಡೇಟ್ ಇನ್ನೂ ಇತ್ತು, ತಗೊಂಡು ಬಂದೆ.